ಹಳೆ ರಿಫಾರ್ಮರ್: ಮೊದಲು ಗೇಜ್, ಆಮೇಲೆ ಕೆಟಲಿಸ್ಟ್

ರಿಫೈನರಿಯ ಹಳೆ ರಿಫಾರ್ಮರ್, ಅಂದರೆ ನಾಫ್ತಾವನ್ನು ಪೆಟ್ರೋಲಿಗೆ ತಕ್ಕಂತೆ ಮಾಡುವ ಯುನಿಟ್, ಸುಧಾರಿಸಬೇಕು ಅಂದ ಕೂಡಲೇ ಎಲ್ಲರ ಬಾಯಲ್ಲೂ ಕೆಟಲಿಸ್ಟ್ ಮಾತು, ಅಂದರೆ ಒಳಗಿನ ರಿಯಾಕ್ಷನ್ ಚುರುಕುಗೊಳಿಸುವ ವಸ್ತುವಿನ ಮಾತು. ಯಾವ ಕಂಪನಿಯದು, ಪ್ಲಾಟಿನಂ ಎಷ್ಟು, ಅದರ ಜೊತೆಗಿನ ಲೋಹ ರೀನಿಯಂ ಎಷ್ಟು, ಟನ್ನಿಗೆ ದರ ಏನು. ನಾನು ಮಾತ್ರ ಮೊದಲು ಒಂದು ಒಳ್ಳೆ ಪ್ರೆಶರ್ ಗೇಜ್ ಕೇಳುತ್ತಿದ್ದೆ. ನಿವೃತ್ತಿಯಾಗಿ ಜಮಖಂಡಿಗೆ ಬಂದ ಮೇಲೆ ಅಕ್ಕನ ಮಗ ಮತ್ತು ಅವನ ಗೆಳೆಯರು ರವಿವಾರ ಮನೆಗೆ ಬಂದು ಕೂರುತ್ತಾರೆ. ಎಲ್ಲರೂ ಮುಧೋಳ ಕಡೆ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಕೆಲಸ ಮಾಡುವವರು. ಅವರ ಪ್ರಶ್ನೆಗಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಕಚ್ಚಾ ತೈಲದಿಂದ ಸಿಗುವ ಹಗುರ ದ್ರವ ನಾಫ್ತಾದ ಆಕ್ಟೇನ್, ಅಂದರೆ ಎಂಜಿನ್‌ನಲ್ಲಿ ಬಡಿಯದೆ ಉರಿಯುವ ಗುಣ, ಕಡಿಮೆ. ನೇರವಾಗಿ ಎಂಜಿನ್‌ಗೆ ಹಾಕಿದರೆ ಟಕಟಕ ಬಡಿಯುತ್ತದೆ. ಅದನ್ನು ಹೈಡ್ರೋಜನ್ ಜೊತೆ ಸುಮಾರು 500 ಡಿಗ್ರಿಗೆ ಕಾಯಿಸಿ ಪ್ಲಾಟಿನಂ ಕೆಟಲಿಸ್ಟ್ ಮೇಲೆ ಹಾಯಿಸಿದರೆ ಅಣುಗಳು ಹೈಡ್ರೋಜನ್ ಬಿಟ್ಟುಕೊಟ್ಟು ಅರೋಮ್ಯಾಟಿಕ್ ಉಂಗುರಗಳಾಗುತ್ತವೆ, ಆಕ್ಟೇನ್ 95 ದಾಟುತ್ತದೆ. ವ್ಲಾದಿಮಿರ್ ಹೆನ್ಸೆಲ್ ರೂಪಿಸಿದ ಈ ವಿಧಾನದ ಮೊದಲ ಯುನಿಟ್ ಅಮೆರಿಕದ ಮಿಶಿಗನ್‌ನಲ್ಲಿ 1949ರಲ್ಲಿ ಶುರುವಾಯಿತು. ನಾನು ಕೆಲಸ ಮಾಡಿದ್ದು ಅದರ ಮುಂದಿನ ತಲೆಮಾರಿನ ಯುನಿಟ್ಟಿನಲ್ಲಿ. ಮೂರು ರಿಯಾಕ್ಟರ್, ಪ್ರತಿಯೊಂದರ ಮುಂದೆ ಒಂದು ಕುಲುಮೆ. ಕೆಟಲಿಸ್ಟ್ ಮೇಲೆ ಕೋಕ್ (ಇಂಗಾಲದ ಮಸಿ) ಕಟ್ಟುವ ತನಕ ಓಡಿಸುವುದು, ನಿಲ್ಲಿಸಿ ಸುಡುವುದು, ಮತ್ತೆ ಓಡಿಸುವುದು.

ರಿಯಾಕ್ಷನ್ ಹೈಡ್ರೋಜನ್ ಹೊರಗೆ ಬಿಡುತ್ತದಲ್ಲ, ಹಾಗಾಗಿ ಒತ್ತಡ ಕಡಿಮೆ ಇದ್ದಷ್ಟು ಅದಕ್ಕೆ ಹಿತ. ಒತ್ತಡ ಹೆಚ್ಚಾದರೆ ಒಳ್ಳೆ ನಾಫ್ತಾ ಒಡೆದು ಗ್ಯಾಸ್ ಆಗಿ ಹೋಗುತ್ತದೆ. ಆದರೆ ಒತ್ತಡ ಇಳಿಸಿದರೆ ಕೋಕ್ ಬೇಗ ಕಟ್ಟುತ್ತದೆ. ಬರೀ ಪ್ಲಾಟಿನಂ ಇದ್ದ ಕಾಲದ ಡಿಸೈನರುಗಳು ಆ ಹೆದರಿಕೆಗೇ ಚದರ ಸೆಂಟಿಮೀಟರಿಗೆ 30 ಕೆಜಿ ಆಸುಪಾಸು ಒತ್ತಡ ಇಟ್ಟರು. 1960ರ ದಶಕದ ಕೊನೆಗೆ ಪ್ಲಾಟಿನಂ-ರೀನಿಯಂ ಕೆಟಲಿಸ್ಟ್ ಬಂತು; ಅದು ಕೋಕ್ ಕಟ್ಟಿದರೂ ಬಹಳ ದಿನ ತಡೆದುಕೊಳ್ಳುತ್ತದೆ. ನಮ್ಮಲ್ಲಿ ಕೆಟಲಿಸ್ಟ್ ಬದಲಾಗಿತ್ತು, ಒತ್ತಡ ಮಾತ್ರ ಹಳೆಯದೇ ಉಳಿದಿತ್ತು. ದುಡ್ಡು ಕೊಟ್ಟು ತಂದ ಗುಣದ ಅರ್ಧವನ್ನು ಬಳಸದೇ ಬಿಟ್ಟಂತಾಗಿತ್ತು.

“ಮಾಮಾ, ಪ್ರೆಶರ್ ಇಳಸಬೇಕಂದ್ರ ವಾಲ್ವ್ ತಿರುವಿದ್ರ ಮುಗೀತಲ್ಲ?” ಅಂದ ಅಳಿಯ.

ಹಂಗ ಮುಗಿಯೂದಿಲ್ಲೋ ಅಂದೆ. ಹೈಡ್ರೋಜನ್ ಗ್ಯಾಸನ್ನು ಸುತ್ತಿಸುವ ಕಂಪ್ರೆಸರ್ ಒಂದೇ. ಒತ್ತಡ 30ರಿಂದ 20ಕ್ಕೆ ಬಂದರೆ ಅಷ್ಟೇ ತೂಕದ ಗ್ಯಾಸ್ ಒಂದೂವರೆ ಪಟ್ಟು ಜಾಗ ಹಿಡಿಯುತ್ತದೆ. ಪೈಪು, ಎಕ್ಸ್‌ಚೇಂಜರ್ (ಬಿಸಿ ಹರಿವಿನ ಶಾಖವನ್ನು ತಣ್ಣನೆಯದಕ್ಕೆ ದಾಟಿಸುವ ಸಾಧನ), ಕುಲುಮೆಗಳಲ್ಲಿ ಕಳೆದುಹೋಗುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಕಂಪ್ರೆಸರ್ ಕೈಚೆಲ್ಲುವುದು ಅಲ್ಲೇ. ನಮ್ಮ ಕಡೆ ಕಬ್ಬಿಗೆ ಡ್ರಿಪ್ ಹಾಕಿದವರಿಗೆ ಇದು ಗೊತ್ತು: ಫಿಲ್ಟರ್ ಕಟ್ಟಿಕೊಂಡಾಗ ಮೋಟರ್ ಎಷ್ಟು ದೊಡ್ಡದಿದ್ದರೂ ಕೊನೆಯ ಸಾಲಿಗೆ ನೀರು ಮುಟ್ಟುವುದಿಲ್ಲ. ಮೋಟರ್ ಬದಲಿಸುವ ಮೊದಲು ಒತ್ತಡ ಎಲ್ಲಿ ಸೋರಿಹೋಗುತ್ತಿದೆ ನೋಡಬೇಕು.

ಯುನಿಟ್ ಮೇಲಿದ್ದ ಗೇಜುಗಳನ್ನು ನಾವು ಲೆಕ್ಕಕ್ಕೆ ತಗೊಳ್ಳಲಿಲ್ಲ. ನಮಗೆ ಬೇಕಾದದ್ದು ಅರ್ಧ ಕೆಜಿ, ಒಂದು ಕೆಜಿ ವ್ಯತ್ಯಾಸ. ಎರಡು ಬೇರೆ ಗೇಜುಗಳ ದೋಷವೇ ಅದಕ್ಕಿಂತ ಹೆಚ್ಚಿರಬಹುದು. ವರ್ಕ್‌ಶಾಪಿನಲ್ಲಿ ಡೆಡ್ ವೇಟ್ ಟೆಸ್ಟರ್ (ಗೊತ್ತಿರುವ ತೂಕ ಇಟ್ಟು ಗೇಜ್ ಪರೀಕ್ಷಿಸುವ ಸಾಧನ) ಮೇಲೆ ಸರಿಮಾಡಿದ ಒಂದೇ ಗೇಜನ್ನು ಹಿಡಿದು ಕಂಪ್ರೆಸರ್ ಡಿಸ್ಚಾರ್ಜಿನಿಂದ ಶುರು ಮಾಡಿದೆವು. ಎಕ್ಸ್‌ಚೇಂಜರಿನ ಹಿಂದೆ-ಮುಂದೆ, ಪ್ರತಿ ಕುಲುಮೆಯ ಹಿಂದೆ-ಮುಂದೆ, ಪ್ರತಿ ರಿಯಾಕ್ಟರಿನ ಮೇಲೆ-ಕೆಳಗೆ, ಕೂಲರ್, ಕಡೆಗೆ ಗ್ಯಾಸ್ ಮತ್ತು ದ್ರವ ಬೇರೆ ಮಾಡುವ ಸೆಪರೇಟರ್. ಅಷ್ಟು ಹೊತ್ತೂ ಫೀಡ್ (ಒಳಗೆ ಹೋಗುವ ನಾಫ್ತಾ), ಗ್ಯಾಸ್ ಹರಿವಿನ ದರ ಅಲುಗಬಾರದೆಂದು ಕಂಟ್ರೋಲ್ ರೂಮಿನವರಿಗೆ ತಾಕೀತು. ಸೆಪರೇಟರ್ ಮುಗಿದ ಮೇಲೆ ಮತ್ತೆ ಮೊದಲಿನ ಜಾಗಕ್ಕೇ ಹೋಗಿ ಓದಬೇಕು. ಆ ಅಂಕಿ ಬದಲಾಗಿದ್ದರೆ ನಡುವೆ ಯುನಿಟ್ ಕದಲಿದೆ ಅಂತ ಅರ್ಥ, ಎಲ್ಲ ಹೊಸದಾಗಿ ಮಾಡಬೇಕು. ಗೇಜ್ ಬಿಚ್ಚುವಾಗ, ಕಟ್ಟುವಾಗ ಅವಸರ ಸಲ್ಲದು. ಹೈಡ್ರೋಜನ್ ಹೊತ್ತಿಕೊಂಡರೆ ಹಗಲಿನಲ್ಲಿ ಉರಿ ಕಣ್ಣಿಗೆ ಕಾಣುವುದಿಲ್ಲ.

ಆ ಹಾಳೆ ಮುಂದೆ ಇಟ್ಟಾಗ ಮೀಟಿಂಗಿನ ಮಾತೇ ಬದಲಾಯಿತು. ಎಲ್ಲಕ್ಕಿಂತ ಹೆಚ್ಚು ನುಂಗುತ್ತಿದ್ದದ್ದು ಫೀಡ್ ಕಾಯಿಸುವ ಹಳೆ ಶೆಲ್ ಅಂಡ್ ಟ್ಯೂಬ್ ಎಕ್ಸ್‌ಚೇಂಜರುಗಳ ಸಾಲು. ಆಮೇಲೆ ಮೊದಲನೇ ರಿಯಾಕ್ಟರ್. ಅದರಲ್ಲಿ ಇರುವುದು ಎಲ್ಲಕ್ಕಿಂತ ಕಡಿಮೆ ಕೆಟಲಿಸ್ಟ್, ಆದರೂ ಅಷ್ಟು ಒತ್ತಡ ಯಾಕೆ ತಿನ್ನಬೇಕು? ಶಟ್‌ಡೌನ್‌ನಲ್ಲಿ ತೆರೆದಾಗ ಮೇಲ್ಪದರ ಕರಿ ಹೆಪ್ಪಳಿಕೆಯಾಗಿ ಕೂತಿತ್ತು. ಮೇಲಿನ ಪೈಪು, ಕುಲುಮೆಗಳಿಂದ ಉದುರಿ ಬಂದ ಕಬ್ಬಿಣದ ಸಲ್ಫೈಡ್ ಪುಡಿ. ಗಾಳಿ ತಾಗಿದರೆ ತಾನೇ ಕೆಂಪಾಗಿ ಹೊತ್ತಿಕೊಳ್ಳುವ ವಸ್ತು ಅದು. ಹಾಗಾಗಿ ನೈಟ್ರೋಜನ್ ತುಂಬಿಟ್ಟೇ, ಹೊರಗಿನಿಂದ ಉಸಿರಿನ ಗಾಳಿ ಬರುವ ಹೆಲ್ಮೆಟ್ ಹಾಕಿದವರನ್ನು ಇಳಿಸಿ ತೆಗೆಸಬೇಕು. ಇದೊಂದರಲ್ಲಿ ದುಡ್ಡು ಉಳಿಸಲು ಹೋಗುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು.

ಎಕ್ಸ್‌ಚೇಂಜರ್ ಸಾಲು ಕಿತ್ತು, ಅದರ ಜಾಗಕ್ಕೆ ವೆಲ್ಡ್ ಮಾಡಿದ ಪ್ಲೇಟುಗಳ ಎತ್ತರದ ಒಂದೇ ಒಂದು ಎಕ್ಸ್‌ಚೇಂಜರ್ ನಿಲ್ಲಿಸಿದೆವು. ಒತ್ತಡದ ನಷ್ಟ ಕಡಿಮೆ, ಶಾಖ ಹೆಚ್ಚು ವಾಪಸ್ ಸಿಗುವುದರಿಂದ ಕುಲುಮೆಗೂ ಹಗುರ. ಮೇಲಿನಿಂದ ಕೆಳಗೆ ನೇರ ಹರಿಯುತ್ತಿದ್ದ ಮೊದಲ ರಿಯಾಕ್ಟರಿನ ಹೊರಚಿಪ್ಪು ಉಳಿಸಿಕೊಂಡು, ಸುತ್ತಲಿನಿಂದ ನಡುವಿನ ಪೈಪಿಗೆ ಅಡ್ಡ ಹರಿಯುವಂತೆ ಒಳಭಾಗ ಬದಲಿಸಿದೆವು. ಹರಿವಿನ ದಾರಿ ಗಿಡ್ಡ, ಅಗಲ ಹೆಚ್ಚು. ಕೊನೆಯ ರಿಯಾಕ್ಟರಿನಲ್ಲಿ ಕೋಕ್ ಜಾಸ್ತಿ, ಅಲ್ಲಿಗೆ ರೀನಿಯಂ ಹೆಚ್ಚಿರುವ ಕೆಟಲಿಸ್ಟ್. ಆದರೆ ರೀನಿಯಂ ಹೆಚ್ಚಾದಷ್ಟು ಗಂಧಕದ ಮೇಲೆ ಕೋಪವೂ ಹೆಚ್ಚು. ಫೀಡ್‌ನಲ್ಲಿ ಗಂಧಕ 0.5 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಅರ್ಧ ಪಾಲು) ಒಳಗೇ ಇರಬೇಕು. ರಿಫಾರ್ಮರಿಗೆ ಬರುವ ಮೊದಲೇ ಫೀಡಿನ ಗಂಧಕ ತೆಗೆಯುವ ಹೈಡ್ರೋಟ್ರೀಟರ್ ಅಷ್ಟು ಚೆನ್ನಾಗಿ ಓಡದಿದ್ದರೆ ಆ ದುಬಾರಿ ಕೆಟಲಿಸ್ಟ್ ತರುವುದೇ ಬೇಡ.

ಇದೆಲ್ಲ ಆದ ಮೇಲೆ ಸೆಪರೇಟರ್ ಒತ್ತಡ 20ರ ಕೆಳಗೆ ಬಂತು. ಅದೇ ಆಕ್ಟೇನಿಗೆ ಹೆಚ್ಚು ರಿಫಾರ್ಮೇಟ್ (ರಿಫಾರ್ಮರಿನಿಂದ ಹೊರಬರುವ ಪೆಟ್ರೋಲ್ ದ್ರವ), ಹೆಚ್ಚು ಹೈಡ್ರೋಜನ್. ಒಂದು ಮಾತು ಅನೇಕರು ಮರೆಯುತ್ತಾರೆ: ಸೆಪರೇಟರ್ ಒತ್ತಡ ಇಳಿದರೆ ಉಳಿಕೆ ಹೈಡ್ರೋಜನನ್ನು ರಿಫೈನರಿಯ ಲೈನಿಗೆ ಏರಿಸುವ ಕಂಪ್ರೆಸರಿನ ಕೆಲಸ ಹೆಚ್ಚುತ್ತದೆ. ಅದಕ್ಕೆ ಬಜೆಟ್‌ನಲ್ಲಿ ಜಾಗ ಇಡಬೇಕು. ನಮ್ಮ ಯುನಿಟ್ಟಿನ ಹೊಸ ಮಿತಿ ಅದೇ ಆಯಿತು.

ಹಾಗಾದರೆ ಓಡುತ್ತಿರುವಾಗಲೇ ಕೆಟಲಿಸ್ಟನ್ನು ಹೊರತಂದು ಸುಟ್ಟು ವಾಪಸ್ ಕಳಿಸುವ ಯುನಿಟ್ ಯಾಕೆ ಹಾಕಲಿಲ್ಲ ಎಂದು ಕೇಳುತ್ತಾರೆ. 1971ರಿಂದ ಅದು ಇದೆ, ಹತ್ತು ಕೆಜಿಗೂ ಕಡಿಮೆ ಒತ್ತಡದಲ್ಲಿ ಓಡುತ್ತದೆ, ಒಪ್ಪುತ್ತೇನೆ. ಹೊಸದಾಗಿ ಕಟ್ಟುವವರು ಅದನ್ನೇ ಕಟ್ಟಲಿ. ನಮ್ಮಲ್ಲಿ ಜಾಗವೂ ಇರಲಿಲ್ಲ, ಅಷ್ಟು ದಿನ ಯುನಿಟ್ ನಿಲ್ಲಿಸುವಂತೆಯೂ ಇರಲಿಲ್ಲ.

ಹುಡುಗರ ಕೊನೆಯ ಪ್ರಶ್ನೆ ಸ್ವಲ್ಪ ಚುಚ್ಚುವಂಥದ್ದೇ. “ಈಗ ಪೆಟ್ರೋಲ್‌ಗೆ 20 ಪರ್ಸೆಂಟ್ ನಮ್ಮ ಎಥನಾಲ್ ಹಾಕ್ತಾರ. ಆಕ್ಟೇನ್ ನಾವಽ ಕೊಟ್ಟಮ್ಯಾಲ ನಿಮ್ಮ ರಿಫಾರ್ಮರ್ ಇನ್ಯಾಕ ಬೇಕ್ರಿ?”

ಮಾತು ಅರ್ಧ ಖರೆ. ಎಥನಾಲ್ ಆಕ್ಟೇನ್ 108ರ ಸುತ್ತ ಇರುವುದರಿಂದ ರಿಫಾರ್ಮರನ್ನು ಮೊದಲಿನಷ್ಟು ದಂಡಿಸಬೇಕಿಲ್ಲ. ತಾಪ ಇಳಿಸಬಹುದು, ಕೆಟಲಿಸ್ಟ್ ಹೆಚ್ಚು ಕಾಲ ಬಾಳುತ್ತದೆ. ಆದರೆ ತಾಪ ಇಳಿಸಿದರೆ ಹೈಡ್ರೋಜನ್ನೂ ಇಳಿಯುತ್ತದೆ. 2020ರ ಏಪ್ರಿಲ್ 1ರಿಂದ ದೇಶದ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ದಾಟುವಂತಿಲ್ಲ, ಅದನ್ನು ತೆಗೆಯಲು ಬೇಕಾದದ್ದು ಹೈಡ್ರೋಜನ್ನೇ. ನೀವು ಕಳಿಸುವ ಟ್ಯಾಂಕರ್ ಆಕ್ಟೇನ್ ತರುತ್ತದೆ, ಹೈಡ್ರೋಜನ್ ತರುವುದಿಲ್ಲ. ಅದನ್ನು ಬೇರೆ ಮಾಡಬೇಕಾದರೆ ಇನ್ನೊಂದು ಪ್ಲಾಂಟ್ ಕಟ್ಟಿ, ನಾಫ್ತಾ ಇಲ್ಲವೇ ನೈಸರ್ಗಿಕ ಅನಿಲ ಖರ್ಚು ಮಾಡಬೇಕು. ಹಾಗಾಗಿ ಇವತ್ತು ಯಾರಾದರೂ ಹಳೆ ರಿಫಾರ್ಮರ್ ಲೆಕ್ಕ ತಂದು ತೋರಿಸಿದರೆ ಆಕ್ಟೇನ್ ಕಾಲಮ್ಮಿಗಿಂತ ಮೊದಲು ಹೈಡ್ರೋಜನ್ ಕಾಲಮ್ ನೋಡುತ್ತೇನೆ. ಒತ್ತಡ ಇಳಿಸಿದ ಲಾಭ ಈಗ ಹೆಚ್ಚು ಕಾಣುವುದು ಅಲ್ಲೇ.