ಪ್ರಾಂಪ್ಟ್‌ನಲ್ಲೇ ಕ್ಯೂಬರ್ನೆಟೀಸ್ ಕ್ಲಸ್ಟರ್ ಸ್ಥಿತಿ: ನಾನು ಜೋಡಿಸಿಕೊಂಡ ಬಗೆ

ಕ್ಯೂಬರ್ನೆಟೀಸ್ ಎಂದರೆ ಹಲವು ಯಂತ್ರಗಳ ಗುಂಪಿನ (ಕ್ಲಸ್ಟರ್) ಮೇಲೆ ಅಪ್ಲಿಕೇಶನ್‌ಗಳನ್ನು ಓಡಿಸುವ ವ್ಯವಸ್ಥೆ. ನನ್ನ ಬ್ಯಾಷ್ ಶೆಲ್‌ನ ಪ್ರಾಂಪ್ಟ್‌ನಲ್ಲಿ (ಆದೇಶ ಟೈಪ್ ಮಾಡುವ ಜಾಗದ ಮುಂದೆ ಕಾಣುವ ಬರಹ) ಕಾಂಟೆಕ್ಸ್ಟ್ (ಯಾವ ಕ್ಲಸ್ಟರ್‌ಗೆ ಯಾರಾಗಿ ಸೇರಿದ್ದೇನೆ ಎಂಬುದು), ನೇಮ್‌ಸ್ಪೇಸ್ (ಕ್ಲಸ್ಟರ್‌ನೊಳಗಿನ ವಿಭಾಗ), ರೆಡಿ ಇರುವ ನೋಡ್‌ಗಳ (ಕ್ಲಸ್ಟರ್‌ನ ಯಂತ್ರಗಳು) ಎಣಿಕೆ, ಆ ಎಣಿಕೆ ಎಷ್ಟು ಸೆಕೆಂಡ್ ಹಳೆಯದು ಎಂಬುದು, ಇಷ್ಟು ಕಾಣುತ್ತದೆ. ಮೊದಲ ಎರಡಷ್ಟೇ ಸಾಕು ಎನ್ನುವವರು ಕ್ಯೂಬ್-ಪಿಎಸ್1 ಅಥವಾ ಸ್ಟಾರ್‌ಶಿಪ್ ಎಂಬ ಸಿದ್ಧ ಸಾಧನ (ಬ್ಯಾಷ್ ಬದಲು ಝಡ್‌ಶೆಲ್ ಬಳಸುವವರಾದರೆ ಪವರ್‌ಲೆವೆಲ್10ಕೆ) ಹಾಕಿಕೊಂಡರೆ ಆಯಿತು. ಸ್ಟಾರ್‌ಶಿಪ್‌ನಲ್ಲಿ ಕ್ಯೂಬರ್ನೆಟೀಸ್ ಮಾಡ್ಯೂಲ್ ಮೊದಲಿಗೆ ಆಫ್ ಇರುತ್ತದೆ, ಆನ್ ಮಾಡಿಕೊಳ್ಳಬೇಕು.

ನೋಡ್ ಎಣಿಕೆಯದು ಬೇರೆ ಕಥೆ. ಕಾಂಟೆಕ್ಸ್ಟ್ ಹೆಸರು ಡಿಸ್ಕ್‌ನಲ್ಲಿರುವ ಕಾನ್ಫಿಗ್ ಫೈಲ್‌ನಲ್ಲೇ ಇದೆ, ಓದಿದರೆ ಮುಗಿಯಿತು. ನೋಡ್‌ಗಳ ಸ್ಥಿತಿಯನ್ನು ಎಪಿಐ ಸರ್ವರ್ (ಕ್ಲಸ್ಟರ್ ಕುರಿತ ಕೋರಿಕೆಗಳಿಗೆ ಉತ್ತರಿಸುವ ಸರ್ವರ್) ಹೇಳಬೇಕು. ಅದನ್ನು ನೇರವಾಗಿ ಪ್ರಾಂಪ್ಟ್‌ನಿಂದ ಕೇಳಿದರೆ, ವಿಪಿಎನ್ ಕಡಿದ ಹೊತ್ತಿನಲ್ಲಿ ಪ್ರತಿ ಎಂಟರ್‌ಗೂ ಶೆಲ್ ಜಗ್ಗದೆ ಕೂತುಬಿಡುತ್ತದೆ. ಪ್ರಾಂಪ್ಟ್ ಎಂದೂ ನೆಟ್‌ವರ್ಕ್ ಮುಟ್ಟಬಾರದು, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಪ್ರಾಂಪ್ಟ್ ಒಂದು ಕ್ಯಾಶ್ ಫೈಲ್ (ಹಿಂದಿನ ಉತ್ತರ ಉಳಿಸಿಟ್ಟ ಫೈಲ್) ಓದುತ್ತದೆ. ಫೈಲ್ 30 ಸೆಕೆಂಡ್‌ಗಿಂತ ಹಳೆಯದಾಗಿದ್ದರೆ ಹಿನ್ನೆಲೆಯಲ್ಲಿ ಒಂದು ಸ್ಕ್ರಿಪ್ಟ್ ಎಬ್ಬಿಸಿ, ಅದಕ್ಕೆ ಕಾಯದೆ ಮುಂದೆ ಹೋಗುತ್ತದೆ.

ಆ ಸ್ಕ್ರಿಪ್ಟ್ ಓಡಿಸುವುದು 'ಕ್ಯೂಬ್‌ಸಿಟಿಎಲ್ ಗೆಟ್ ನೋಡ್ಸ್' (ಕ್ಯೂಬ್‌ಸಿಟಿಎಲ್ ಎಂಬುದು ಕ್ಯೂಬರ್ನೆಟೀಸ್‌ನ ಆದೇಶ ಸಾಧನ), ಹೆಡರ್ ಇಲ್ಲದೆ, ರಿಕ್ವೆಸ್ಟ್ ಟೈಮ್‌ಔಟ್ 2 ಸೆಕೆಂಡ್. ಇದೊಂದನ್ನೇ ನಂಬಬೇಡಿ: ಟೋಕನ್ ತರುವ ಲಾಗಿನ್ ಪ್ಲಗಿನ್ ತಿನ್ನುವ ಸಮಯ ಆ 2 ಸೆಕೆಂಡ್‌ನ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಹೊರಗಿನಿಂದ 'ಟೈಮ್‌ಔಟ್ 5' (5 ಸೆಕೆಂಡ್ ಮೀರಿದರೆ ಓಡುತ್ತಿರುವುದನ್ನು ನಿಲ್ಲಿಸುವ ಆದೇಶ) ಸುತ್ತಿದ್ದೇನೆ. ಮ್ಯಾಕ್‌ನಲ್ಲಿ ಈ ಆದೇಶ ಬೇಕೆಂದರೆ ಕೋರ್‌ಯುಟಿಲ್ಸ್ ಹಾಕಿಕೊಳ್ಳಬೇಕು. ಪ್ಲಗಿನ್ ಪಾಸ್‌ವರ್ಡ್ ಕೇಳಲು ಹೊರಟು ನೀವು ಟೈಪ್ ಮಾಡುತ್ತಿರುವುದನ್ನು ನುಂಗದಂತೆ ಸ್ಟ್ಯಾಂಡರ್ಡ್ ಇನ್‌ಪುಟ್ಟನ್ನು ಡೆವ್ ನಲ್‌ಗೆ (ಏನೂ ಕೊಡದ ಖಾಲಿ ಸಾಧನ) ಕಟ್ಟಿ.

ಎಣಿಸುವಾಗ ಎಡವುವವರೇ ಹೆಚ್ಚು. 'ರೆಡಿ' ಎಂದು ಗ್ರೆಪ್ ಮಾಡಿದರೆ (ಪದ ಹುಡುಕಿದರೆ) 'ನಾಟ್‌ರೆಡಿ' ಸಾಲುಗಳೂ ಸಿಗುತ್ತವೆ, ಏಕೆಂದರೆ ಆ ಪದ ಅದರೊಳಗೇ ಇದೆ. ಮೂರರಲ್ಲಿ ಎರಡು ನೋಡ್ ಬಿದ್ದಿದ್ದರೂ ಪ್ರಾಂಪ್ಟ್ 3/3 ಎನ್ನುತ್ತಿರುತ್ತದೆ. ಕಾಲಂ ಬಿಡಿಸಿ ಓದುವ ಆಕ್‌ನಲ್ಲಿ ಎರಡನೇ ಕಾಲಂ 'ರೆಡಿ'ಗೆ ಸಮವೇ ಎಂದು ನೋಡಿದರೆ ಎದುರು ತಪ್ಪು: ಕಾರ್ಡನ್ ಮಾಡಿದ (ಹೊಸ ಕೆಲಸ ಬಾರದಂತೆ ತಡೆದ) ನೋಡ್ ಅದೇ ಕಾಲಂನಲ್ಲಿ 'ರೆಡಿ,ಶೆಡ್ಯೂಲಿಂಗ್‌ಡಿಸೇಬಲ್ಡ್' ಎಂದು ಬರುತ್ತದೆ, ಆರೋಗ್ಯವಾಗಿದ್ದರೂ ಎಣಿಕೆಯಿಂದ ಬಿಟ್ಟುಹೋಗುತ್ತದೆ. ಕಾಲಂ 'ರೆಡಿ'ಯಿಂದ ಶುರುವಾಗುತ್ತದೆಯೇ ಎಂದು ನೋಡುವುದೇ ಸರಿ.

ನೇಮ್‌ಸ್ಪೇಸ್ ಮಟ್ಟದ ಅನುಮತಿ ಮಾತ್ರ ಇರುವವರಿಗೆ ನೋಡ್‌ಗಳ ಪಟ್ಟಿಯೇ ಸಿಗುವುದಿಲ್ಲ, 'ಫರ್ಬಿಡನ್' ಬರುತ್ತದೆ. ಅಂಥ ಕಡೆ 'ಗೆಟ್' ಆದೇಶಕ್ಕೆ 'ರಾ' ಆಯ್ಕೆ ಕೊಟ್ಟು 'ರೆಡಿಝಡ್' ಎಂಬ, ಸರ್ವರ್‌ನ ಆರೋಗ್ಯ ಹೇಳುವ ವಿಳಾಸ ಕೇಳುತ್ತೇನೆ. ಇದಕ್ಕೆ ಸಾಮಾನ್ಯವಾಗಿ ಯಾರಿಗೂ ತಡೆಯಿರುವುದಿಲ್ಲ. ಎಪಿಐ ಸರ್ವರ್ ಬದುಕಿದೆ ಎಂಬುದಷ್ಟೇ ಇದರಿಂದ ಗೊತ್ತಾಗುವುದು, ನೋಡ್‌ಗಳ ಪಾಡು ಗೊತ್ತಾಗದು.

ಉತ್ತರವನ್ನು ನೇರ ಕ್ಯಾಶ್‌ಗೆ ಬರೆಯದೆ ಅದೇ ಡೈರೆಕ್ಟರಿಯ ತಾತ್ಕಾಲಿಕ ಫೈಲ್‌ಗೆ ಬರೆದು ಆಮೇಲೆ 'ಎಂವಿ' (ಹೆಸರು ಬದಲಿಸುವ ಆದೇಶ) ಮಾಡಿ, ಅರ್ಧ ಬರೆದ ಸಾಲು ಪ್ರಾಂಪ್ಟ್‌ಗೆ ಸಿಗುವುದಿಲ್ಲ. ಫೈಲ್ ಹೆಸರಿನಲ್ಲಿ ಕಾಂಟೆಕ್ಸ್ಟ್ ಇರಲೇಬೇಕು. ಇಲ್ಲದಿದ್ದರೆ ಸ್ಟೇಜಿಂಗ್‌ನ (ಪರೀಕ್ಷೆಯ ಕ್ಲಸ್ಟರ್) ಎಣಿಕೆ ಪ್ರೊಡಕ್ಷನ್ (ನಿಜ ಬಳಕೆಯ ಕ್ಲಸ್ಟರ್) ಹೆಸರಿನ ಪಕ್ಕ ಕೂರುತ್ತದೆ. ಇಕೆಎಸ್ (ಅಮೆಜಾನ್‌ನ ಕ್ಯೂಬರ್ನೆಟೀಸ್ ಸೇವೆ) ಹೆಸರುಗಳಲ್ಲಿ ಕೋಲನ್, ಸ್ಲ್ಯಾಶ್ ಇರುವುದರಿಂದ ಅವನ್ನು ಅಂಡರ್‌ಸ್ಕೋರ್ ಮಾಡಿಕೊಳ್ಳಿ. ಎರಡು ಸ್ಕ್ರಿಪ್ಟ್ ಒಟ್ಟಿಗೆ ಓಡದಂತೆ ತಡೆಯುವ ಲಾಕ್‌ಗೆ, ಡೈರೆಕ್ಟರಿ ಮಾಡುವ 'ಎಂಕೆಡಿಐಆರ್' ಆದೇಶ ಸಾಕು: ಡೈರೆಕ್ಟರಿ ಆಗಲೇ ಇದ್ದರೆ ಆದೇಶ ಸೋಲುತ್ತದೆ, ಎರಡನೇ ಸ್ಕ್ರಿಪ್ಟ್ ಹಿಂದಿರುಗುತ್ತದೆ. ಸರ್ವರ್ ಸಿಗದಿದ್ದಾಗ ಲಾಕ್ ತೆಗೆಯುವುದಿಲ್ಲ, 60 ಸೆಕೆಂಡ್ ದಾಟಿದ ಲಾಕನ್ನು ಮುಂದಿನ ಸರದಿಯವರು ಅಳಿಸುತ್ತಾರೆ. ಸತ್ತ ಸರ್ವರ್‌ನ ಬಾಗಿಲು ಪದೇಪದೇ ಬಡಿಯುವುದು ಇದರಿಂದ ತಪ್ಪುತ್ತದೆ. ಹಳೆಯ ಎಣಿಕೆ ಹಾಗೇ ಉಳಿಯುತ್ತದೆ, 120 ಸೆಕೆಂಡ್ ಮೀರಿದರೆ ಬೂದು ಬಣ್ಣಕ್ಕೆ ತಿರುಗುತ್ತದೆ.

ಬ್ಯಾಷ್ ಕಡೆ ಎಲ್ಲವೂ ಪ್ರಾಂಪ್ಟ್ ಕಮಾಂಡ್ ಫಂಕ್ಷನ್‌ನಲ್ಲಿದೆ (ಪ್ರತಿ ಪ್ರಾಂಪ್ಟ್‌ಗೂ ಮುನ್ನ ಬ್ಯಾಷ್ ಇದನ್ನು ಓಡಿಸುತ್ತದೆ). ಅದರ ಮೊದಲ ಸಾಲಿನಲ್ಲೇ ಹಿಂದಿನ ಆದೇಶದ ಎಕ್ಸಿಟ್ ಕೋಡ್ (ಅದು ಗೆದ್ದಿತೋ ಸೋತಿತೋ ಹೇಳುವ ಸಂಖ್ಯೆ) ಎತ್ತಿಟ್ಟುಕೊಳ್ಳಬೇಕು, ಎರಡನೇ ಸಾಲಿಗೆ ಹೋದರೆ ಅದು ಅಳಿಸಿಹೋಗಿರುತ್ತದೆ. ಸ್ಕ್ರಿಪ್ಟನ್ನು ಸಬ್‌ಶೆಲ್ ಆವರಣದೊಳಗೆ ಹಿನ್ನೆಲೆಗೆ ತಳ್ಳಿದರೆ 'ಡನ್' ಎಂಬ ಜಾಬ್ ಸಂದೇಶಗಳು ಕಾಟ ಕೊಡುವುದಿಲ್ಲ. ಬಣ್ಣದ ಕೋಡ್‌ಗಳನ್ನು ಬ್ಯಾಕ್‌ಸ್ಲ್ಯಾಶ್ ಸಹಿತ ಚೌಕ ಆವರಣದಲ್ಲಿಡದಿದ್ದರೆ ಬ್ಯಾಷ್ ಸಾಲಿನ ಅಗಲ ತಪ್ಪಾಗಿ ಲೆಕ್ಕ ಹಾಕಿ, ಉದ್ದದ ಆದೇಶಗಳು ಮಡಚುವಾಗ ತಮ್ಮ ಮೇಲೆ ತಾವೇ ಬಂದು ಬೀಳುತ್ತವೆ.

ಕಾಂಟೆಕ್ಸ್ಟ್ ಹೆಸರನ್ನು ಪಿಎಸ್1ಗೆ (ಪ್ರಾಂಪ್ಟ್‌ನ ನಮೂನೆ ಇರುವ ವೇರಿಯಬಲ್) ನೇರ ಅಂಟಿಸಬೇಡಿ. ಪ್ರಾಂಪ್ಟ್ ಬರೆಯುವಾಗ ಬ್ಯಾಷ್ ಡಾಲರ್ ಚಿಹ್ನೆಯ ಆದೇಶಗಳನ್ನು ಬಿಡಿಸಿ ಓಡಿಸುತ್ತದೆ. ಬೇರೆಯವರು ಕಳಿಸಿದ ಕಾನ್ಫಿಗ್‌ನಲ್ಲಿ ಹೆಸರಿನ ಜಾಗದಲ್ಲಿ ಆದೇಶವಿದ್ದರೆ ಅದೂ ಓಡುತ್ತದೆ. ಹೆಸರು ವೇರಿಯಬಲ್‌ನಲ್ಲಿರಲಿ, ಪಿಎಸ್1ನಲ್ಲಿ ಸಿಂಗಲ್ ಕೋಟ್‌ನೊಳಗೆ ಆ ವೇರಿಯಬಲ್ ಹೆಸರು ಮಾತ್ರ ಇರಲಿ.

ಇಷ್ಟಾದರೂ ಒಂದು ಸಂದು ಉಳಿಯುತ್ತದೆ. ಎಲ್ಲ ಟರ್ಮಿನಲ್‌ಗಳಿಗೂ ಕಾನ್ಫಿಗ್ ಫೈಲ್ ಒಂದೇ. ಒಂದು ಕಿಟಕಿಯಲ್ಲಿ ಕಾಂಟೆಕ್ಸ್ಟ್ ಬದಲಿಸಿದರೆ ಉಳಿದವುಗಳಲ್ಲೂ ಬದಲಾಗಿರುತ್ತದೆ, ಅಲ್ಲಿ ಎಂಟರ್ ಒತ್ತುವವರೆಗೆ ಹಳೆಯ ಹೆಸರೇ ಕಾಣುತ್ತಿರುತ್ತದೆ. ಪ್ರತಿ ಟರ್ಮಿನಲ್ ತೆರೆದಾಗಲೂ ಕಾನ್ಫಿಗ್‌ನ ನಕಲು ಮಾಡಿ, ಅನುಮತಿ 600 (ನನಗೆ ಮಾತ್ರ ಓದಲು, ಬರೆಯಲು) ಇಟ್ಟು, ಕ್ಯೂಬ್‌ಕಾನ್ಫಿಗ್ ವೇರಿಯಬಲ್ಲನ್ನು ಆ ನಕಲಿಗೆ ತಿರುಗಿಸುತ್ತೇನೆ. ಶೆಲ್ ಮುಚ್ಚುವಾಗ ತಾನಾಗಿ ಓಡುವಂತೆ ಕಟ್ಟಿಟ್ಟ ಟ್ರ್ಯಾಪ್ ಆ ನಕಲನ್ನು ಅಳಿಸುತ್ತದೆ.