ಬೀನ್ಸ್ ಇಲ್ಲದ ದಿನವೂ ತೆರೆದಿರುವ ಅಂಗಡಿ

ಮೈಸೂರಿನ ಕುವೆಂಪುನಗರದ ಅಡ್ಡರಸ್ತೆಯೊಂದರಲ್ಲಿ ನನ್ನ ತರಕಾರಿ ಅಂಗಡಿಯಿದೆ. ಸಾವಯವ ತರಕಾರಿ ಮಾರಬೇಕೆಂದು ಮನಸ್ಸು ಮಾಡಿದವರು ಬಂದು ಮೊದಲು ಕೇಳುವುದು, "ಮಾಲು ಎಲ್ಲಿಂದ ತರಿಸುತ್ತೀರಿ?" ಎಂದು. ಮಾಲು ಸಿಗುತ್ತದೆ. ನಂಜನಗೂಡು, ಹುಣಸೂರು, ಎಚ್.ಡಿ. ಕೋಟೆ ಕಡೆ ಔಷಧಿ ಹೊಡೆಯದೆ ಬೆಳೆಯುವ ರೈತರಿದ್ದಾರೆ. ಕಷ್ಟವಿರುವುದು ಬಂದದ್ದನ್ನು ಮಾರುವುದರಲ್ಲಿ. ಗಿರಾಕಿಗಳು ಮನೆಯಿಂದಲೇ ಚೀಟಿ ಬರೆದುಕೊಂಡು ಬರುತ್ತಾರೆ. ಅದರಲ್ಲಿ ವರ್ಷವಿಡೀ ಬೀನ್ಸ್, ಕ್ಯಾರೆಟ್, ಹೂಕೋಸು, ಟೊಮೆಟೊ. ಹೊಲ ಆ ಚೀಟಿ ನೋಡಿಕೊಂಡು ಬೆಳೆಯುವುದಿಲ್ಲ.

"ಬೀನ್ಸ್ ಇಲ್ಲವೇನಮ್ಮಾ?" ಎಂದವರಿಗೆ "ಇಲ್ಲ" ಎಂದಷ್ಟೇ ಹೇಳಿದರೆ ಅವರು ಮುಂದಿನ ಅಂಗಡಿಗೆ ಹೋಗುತ್ತಾರೆ. "ಗೋರಿಕಾಯಿ ಎಳೆಯದಿದೆ, ನಾರು ತೆಗೆಯುವ ಕೆಲಸವೂ ಇಲ್ಲ. ಕಾಯಿತುರಿ ಸ್ವಲ್ಪ ಮುಂದಾಗಿ ಹಾಕಿ ಪಲ್ಯ ಮಾಡಿ ನೋಡಿ" ಎಂದರೆ ಕೈಚೀಲ ಬಿಚ್ಚುತ್ತಾರೆ. ಬಾಗಿಲ ಬಳಿಯ ಕರಿಹಲಗೆಯಲ್ಲಿ ದಿನವೂ ತರಕಾರಿಯ ಹೆಸರಿನ ಪಕ್ಕ ಅಡುಗೆಯ ಹೆಸರನ್ನೂ ಬರೆಯುತ್ತೇನೆ: ದಂಟು, ಕೀರೆ, ಹೊನಗೊನ್ನೆ – ಮಸ್ಸೊಪ್ಪಿಗೆ, ಬೂದುಗುಂಬಳ – ಮಜ್ಜಿಗೆಹುಳಿಗೆ. ಮಳೆಗಾಲದಲ್ಲಿ ಬರುವ ಮಡಹಾಗಲಕಾಯಿಯನ್ನು ಕಂಡು "ಇದು ಕಹಿಯೇ?" ಎಂದು ಕೇಳುವ ಹೊಸ ಸಂಸಾರದವರಿಗೆ ಹೀಗೆ ಹೇಳಿಕೊಡದಿದ್ದರೆ ಅದನ್ನು ಯಾರೂ ಮುಟ್ಟುವುದಿಲ್ಲ. ಅಂಗಡಿಯವಳಿಗೆ ಅಡುಗೆ ಬರಬೇಕು. ಲೆಕ್ಕಕ್ಕಿಂತ ಮೊದಲು ಅದು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವರ್ಷದಲ್ಲಿ ನಾನು ಕಾಯುವ ಮಾಲೆಂದರೆ ಅವರೆಕಾಯಿ. ಮಾರ್ಗಶಿರದ ಮಂಜು ಬಿದ್ದ ಮೇಲೆ ಅದಕ್ಕೆ ಸೊಗಡು ಹತ್ತುತ್ತದೆ. ಹಿಡಿಯಷ್ಟು ಕಾಯಿ ಹಿಚುಕಿದರೆ ಅಂಗೈ ಜಿಡ್ಡಾಗಬೇಕು, ಕೈ ತೊಳೆದ ಮೇಲೂ ವಾಸನೆ ಉಳಿಯಬೇಕು. ಮೂಟೆ ಇಳಿದ ಕೂಡಲೇ ಬಾಯಿ ಬಿಚ್ಚಿ, ಗೋಣಿತಾಟಿನ ಮೇಲೆ ತೆಳ್ಳಗೆ ಹರಡುತ್ತೇನೆ. ಮೂಟೆಯಲ್ಲೇ ಬಿಟ್ಟರೆ ಒಳಗೆ ಕಾವು ಹೆಚ್ಚಿ ಸಿಪ್ಪೆ ಕಪ್ಪಾಗುತ್ತದೆ, ಸೊಗಡು ಹೋಗಿ ಮುಗ್ಗಲು ಹಿಡಿಯುತ್ತದೆ. ಸೊಪ್ಪಿಗೆ ಚಿಮುಕಿಸುವಂತೆ ಇದಕ್ಕೆ ನೀರು ಚಿಮುಕಿಸಬಾರದು. ಔಷಧಿ ಕಾಣದ ಅವರೆಯಲ್ಲಿ ಹುಳು ಇದ್ದೇ ಇರುತ್ತದೆ. ತಕ್ಕಡಿಗೆ ಹಾಕುವ ಮೊದಲೇ ಅದನ್ನು ಹೇಳಿ, ತೂತು ಬಿದ್ದ ಕಾಯಿಗಳನ್ನು ಅವರೇ ಆರಿಸಿ ತೆಗೆಯಲಿ ಎಂದು ಬಿಡುತ್ತೇನೆ. ಸಂಜೆಗೆ ಉಳಿದದ್ದನ್ನು ಸುಲಿದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿದುಕಿ ಮಾರುತ್ತೇವೆ. ಹಿದುಕಿದ ಬೇಳೆಗೆ ಕಾಯಿಗಿಂತ ಒಳ್ಳೆಯ ಬೆಲೆ, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಹಿಂದಿನ ದಿನವೇ ಹೇಳಿಟ್ಟು ಹೋಗುತ್ತಾರೆ.

ಇನ್ನು 'ಸಾವಯವ' ಎಂಬ ಫಲಕದ ವಿಚಾರ. 2017ರ ಸಾವಯವ ಆಹಾರ ನಿಯಮಗಳ ಪ್ರಕಾರ ಅಂಗಡಿಯವರು ಆ ಹೆಸರಿನಲ್ಲಿ ಮಾರಬೇಕಾದರೆ ಮಾಲಿಗೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣೀಕರಣ ಇರಬೇಕು. ಮೊದಲನೆಯದನ್ನು ಮಾನ್ಯತೆ ಪಡೆದ ಸಂಸ್ಥೆ ಪರಿಶೀಲಿಸಿ ಕೊಡುತ್ತದೆ, ಎರಡನೆಯದಕ್ಕೆ ರೈತರ ಗುಂಪೇ ಹೊಣೆ. ಸಣ್ಣ ರೈತರಿಗೆ ಎರಡನೆಯದೇ ಅನುಕೂಲ: ಕನಿಷ್ಠ ಐವರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ನನ್ನಲ್ಲಿ ಅಂಥ ಗುಂಪಿನ ಮಾಲಿಗೆ ಹಸಿರು ಚೀಟಿ. ಪ್ರಮಾಣಪತ್ರವಿಲ್ಲದ, ಆದರೆ ಹೊಲಕ್ಕೆ ಹೋಗಿ ನೋಡಿ ಬಂದಿರುವ ರೈತರ ಮಾಲಿಗೆ ಹಳದಿ ಚೀಟಿ, ಅದರ ಮೇಲೆ ಊರಿನ ಹೆಸರು ಮಾತ್ರ. ಈರುಳ್ಳಿ, ಆಲೂಗೆಡ್ಡೆ ಬಂಡಿಪಾಳ್ಯದ ಎಪಿಎಂಸಿಯಿಂದ ಬರುತ್ತವೆ. ಅವಕ್ಕೆ ಬಿಳಿ ಚೀಟಿ, 'ಮಂಡಿಯದು' ಎಂದು ದಪ್ಪ ಅಕ್ಷರದಲ್ಲಿ. ಮಳೆಗಾಲದ ಆಲೂಗೆಡ್ಡೆಗೆ ಅಂಗಮಾರಿ ರೋಗ ಬೀಳುವುದರಿಂದ ಔಷಧಿಯಿಲ್ಲದೆ ಬೆಳೆಯುವವರು ತೀರಾ ಕಡಿಮೆ. ಬಿಳಿ ಚೀಟಿ ಇಟ್ಟರೆ ಅಂಗಡಿಯ ಹೆಸರು ಕೆಡುತ್ತದೆ ಎಂದು ಕೆಲವರು ಹೆದರಿಸಿದ್ದರು. ಆಗಿದ್ದು ಬೇರೆ: ಬಿಳಿ ಚೀಟಿ ನೋಡಿದ ಮೇಲೆಯೇ ಹಸಿರು ಚೀಟಿಯನ್ನು ಜನ ನಂಬಿದರು.

ಬೆಲೆಯನ್ನು ರೈತರ ಜೊತೆ ಕೂತು ಹಂಗಾಮಿಗೊಮ್ಮೆ ಮಾತಾಡುತ್ತೇವೆ. ಮಂಡಿಯಲ್ಲಿ ಕುಸಿದಾಗಲೂ ನಾನು ಆ ಬೆಲೆ ಕೊಡುತ್ತೇನೆ, ಏರಿದಾಗ ಅವರು ನನಗೆ ಮಾಲು ತಪ್ಪಿಸುವುದಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತಲ್ಲ, ಆಗ ಮಾತ್ರ ಹಳೆಯ ಬೆಲೆಗೇ ಕೇಳುವುದು ನ್ಯಾಯವೆನಿಸಲಿಲ್ಲ. ಮಾತಾಡಿದ್ದಕ್ಕಿಂತ ಹೆಚ್ಚು ಕೊಟ್ಟು, ಮಂಡಿಗಿಂತ ಕಡಿಮೆಗೆ ಮಾರಿದೆ. ಒಬ್ಬೊಬ್ಬರಿಗೆ ಅರ್ಧ ಕಿಲೋ ಎಂದು ಮಿತಿ ಹಾಕಿದೆ. ಹುಣಿಸೆಹಣ್ಣಿನ ಸಾರನ್ನೂ ಹಲಗೆಯಲ್ಲಿ ಬರೆದೆ.

ಸೊಪ್ಪು ಗಿರಾಕಿಯನ್ನು ಕರೆತರುತ್ತದೆ, ಬಾಡಿಗೆ ಕಟ್ಟುವುದು ಗೆಡ್ಡೆ. ಬೆಳಿಗ್ಗೆ ಬಂದ ಸಬ್ಬಸಿಗೆ ಮಧ್ಯಾಹ್ನಕ್ಕೆ ಬಾಡಿ ಹಸುವಿನ ಪಾಲಾಗಬಹುದು. ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ, ಕುಂಬಳ ವಾರಗಟ್ಟಲೆ ಕಾಯುತ್ತವೆ. ಹಾಗಾಗಿ ಅಂಗಡಿಯ ಒಂದು ಗೋಡೆಯುದ್ದಕ್ಕೂ ಅವೇ. ಮೈಸೂರಿನಲ್ಲಿ ನಡೆಯುವ ಗೆಡ್ಡೆ ಗೆಣಸು ಮೇಳದಲ್ಲಿ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾದ ಕುಣಬಿ ಸಮುದಾಯದವರು ತರುವ ಬಗೆಬಗೆಯ ಗೆಡ್ಡೆಗಳನ್ನು ಕಂಡವರು ಈಗ ಇಲ್ಲಿಯೂ ಹುಡುಕಿಕೊಂಡು ಬರುತ್ತಾರೆ.

ನಂಜನಗೂಡಿನ ರಸಬಾಳೆ ಬಂದ ದಿನ ಒಂದು ಮಾತು ಬೇಸರವಿಲ್ಲದೆ ಹೇಳುತ್ತಿರಬೇಕು: ಸಿಪ್ಪೆ ಕಪ್ಪಾದರೆ ಹಣ್ಣು ಕೆಟ್ಟಿಲ್ಲ, ಈಗಲೇ ಅದು ತಿನ್ನುವ ಹದ. ನಂಬದವರಿಗೆ ಒಂದು ಸುಲಿದು ಕೊಡುತ್ತೇನೆ.

ರೈತರ ಹಣ ಮಾಲು ಇಳಿಸಿದ ದಿನವೇ ಕೊಡಬೇಕು. ವಾರದ ಬಾಕಿ ಇಟ್ಟ ಅಂಗಡಿಗೆ ಮುಂದಿನ ಹಂಗಾಮಿನಲ್ಲಿ ಆರಿಸಿ ಉಳಿದ ಮಾಲು ಬರುತ್ತದೆ. ನನಗೆ ಮೊದಲ ಕೊಯ್ಲಿನದೇ ಬೇಕು.