ವರ್ಣಭೇದದ ಪಾಠ ಮಾಡುವಾಗ ಯಾರ ಹೆಸರು, ಎಲ್ಲಿ, ಹೇಗೆ

ಅಮೆರಿಕದ ವರ್ಣಭೇದದ ಬಗ್ಗೆ ಕಾಲೇಜಿನಲ್ಲಿ ಪಾಠ ಮಾಡುವವರು ದಯವಿಟ್ಟು ಮಾರ್ಟಿನ್ ಲೂಥರ್ ಕಿಂಗ್ ಒಬ್ಬರಲ್ಲೇ ಮುಗಿಸಬೇಡಿ. ಕಪ್ಪು ಜನರ ಹಕ್ಕುಗಳಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಗೆ ಎರಡು ಲಕ್ಷಕ್ಕೂ ಜಾಸ್ತಿ ಜನ ಬಂದಿದ್ದರಲ್ಲ, ಅದರ ಏರ್ಪಾಡನ್ನೆಲ್ಲ ನೋಡಿಕೊಂಡವರು ಬೇಯಾರ್ಡ್ ರಸ್ಟಿನ್. ಅವರು ಗೇ ಅನ್ನುವ ಕಾರಣಕ್ಕೇ ಚಳವಳಿಯ ಒಳಗಿನವರೂ ಅವರನ್ನು ಹಿಂದೆ ಇಟ್ಟರು. ಮೆರವಣಿಗೆಯ ಪಾಠದಲ್ಲೇ ಇದನ್ನು ಹೇಳಿ, ಕೊನೆಗೆ ಟಿಪ್ಪಣಿಯಾಗಿ ಅಲ್ಲ.

ಇಂಟರ್‌ಸೆಕ್ಷನಾಲಿಟಿ (ಅಂದರೆ ಬಣ್ಣ, ಲಿಂಗದಂಥ ಭೇದಭಾವಗಳು ಒಬ್ಬರ ಮೇಲೇ ಒಟ್ಟಿಗೆ ಬೀಳುವುದು) ಹೇಳಿಕೊಡುವಾಗ ಬೋರ್ಡಿನ ಮೇಲೆ ವ್ಯಾಖ್ಯೆ ಬರೆಯುವ ಬದಲು ಒಂದು ಕೇಸಿನಿಂದ ಶುರು ಮಾಡಿ. ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್ 1964ಕ್ಕೆ ಮೊದಲು ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ. ಆಮೇಲೆ ಜನರನ್ನು ಕಡಿಮೆ ಮಾಡುವಾಗ ಸೀನಿಯಾರಿಟಿ ನೋಡಿದರು, ಕೊನೆಗೆ ಸೇರಿದವರೇ ಮೊದಲು ಹೊರಗೆ ಹೋದರು. ಎಮ್ಮಾ ಡಿಗ್ರಾಫೆನ್‌ರೀಡ್ ಮತ್ತು ಇನ್ನೂ ನಾಲ್ವರು ಕಪ್ಪು ಹೆಂಗಸರು ಕೋರ್ಟಿಗೆ ಹೋದರು. ಕಂಪನಿ ಹೆಂಗಸರನ್ನು ತೆಗೆದುಕೊಂಡಿದೆಯಲ್ಲ ಎಂದಿತು ಕೋರ್ಟು. ಆ ಹೆಂಗಸರು ಬಿಳಿಯರು! ಬಣ್ಣ ಮತ್ತು ಲಿಂಗ ಎರಡನ್ನೂ ಸೇರಿಸಿ ಕೇಳುವಂತಿಲ್ಲ ಅಂತಲೂ ಹೇಳಿತು. ಇಲ್ಲಿ ನಿಲ್ಲಿಸಿ, ಹಾಗಾದರೆ ಇವರು ಯಾವ ಬಾಗಿಲು ತಟ್ಟಬೇಕಿತ್ತು ಅಂತ ಮಕ್ಕಳನ್ನು ಕೇಳಿ, ಅವರು ಮಾತಾಡಲಿ, ಆಮೇಲೆ ಇಂಟರ್‌ಸೆಕ್ಷನಾಲಿಟಿ ಎಂಬ ಪದ ಕೊಟ್ಟ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಇದೇ ಕೇಸನ್ನು ಹಿಡಿದು ಬರೆದದ್ದನ್ನು ಓದಿಸಿ.

ಅಲ್ಲಿಗೇ ಬಿಡಬೇಡಿ. 1977ರಲ್ಲೇ ಬೋಸ್ಟನ್ನಿನ ಕಪ್ಪು ಸ್ತ್ರೀವಾದಿಗಳ ಸಂಘಟನೆ ಕೊಂಬಾಹೀ ರಿವರ್ ಕಲೆಕ್ಟಿವ್ ತನ್ನ ಹೇಳಿಕೆಯಲ್ಲಿ ಬಣ್ಣ, ಲಿಂಗ, ವರ್ಗದ ದಬ್ಬಾಳಿಕೆಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂದಿತ್ತು. ಉಲ್ಲೇಖಿಸುವಾಗ ಸಂಘಟನೆಯ ಹೆಸರಿನ ಜೊತೆ ಅದನ್ನು ಬರೆದ ಬಾರ್ಬರಾ ಸ್ಮಿತ್, ಬೆವರ್ಲಿ ಸ್ಮಿತ್, ಡೆಮಿಟಾ ಫ್ರೇಜಿಯರ್ ಹೆಸರೂ ಇರಲಿ. ತಾವು ಲೆಸ್ಬಿಯನ್ನರು ಅಂತ ಹೇಳಿಕೆಯಲ್ಲೇ ಇದೆ. ಸುಮ್ನೆ 'ಕಪ್ಪು ಸ್ತ್ರೀವಾದಿಗಳು' ಅಂತ ಬರೆದು ಅದನ್ನು ಅಳಿಸಬೇಡಿ. ಆದರೆ ತಾವಾಗಿ ಹೇಳಿಕೊಳ್ಳದವರ ಬಗ್ಗೆ ಊಹೆ ಬೇಡವೇ ಬೇಡ.

ಟ್ರಾನ್ಸ್ ಲೇಖಕರಿಗೆ ಅವರು ಈಗ ಇಟ್ಟುಕೊಂಡ ಹೆಸರನ್ನೇ ಬಳಸಿ, ಪುಸ್ತಕದ ಹಳೆಯ ಪ್ರತಿಯಲ್ಲಿ ಬೇರೆ ಹೆಸರಿದ್ದರೂ. ವಿದ್ಯಾರ್ಥಿ ಹೇಳಿದ ಮಾತು ನಿಮ್ಮ ಲೇಖನಕ್ಕೆ ಹೋಗುವುದಾದರೆ ಒಪ್ಪಿಗೆ ಕೇಳಿ, ಹೆಸರು ಹಾಕಬೇಕೋ ಬೇಡವೋ ಅವರೇ ಹೇಳಲಿ. 'ನಿನ್ನ ಅನುಭವ ಹೇಳಪ್ಪಾ' ಅಂತ ಕ್ವಿಯರ್ ಅಥವಾ ದಲಿತ ವಿದ್ಯಾರ್ಥಿಯನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಬೇಡಿ.

ನಮ್ಮ ತರಗತಿಯಲ್ಲಿ ಜಾತಿಯ ಮಾತು ಬಂದೇ ಬರುತ್ತದೆ, ಬರಲಿ. ಜಾತಿ, ವರ್ಣಭೇದ ಎರಡೂ ಒಂದೇ ಅಂತ ತೇಲಿಸದೆ ಇಲ್ಲಿನದೇ ಉದಾಹರಣೆ ಕೊಡಿ. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಮೀಸಲಾತಿ ಬಂತು, ಅದೂ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಸಾಮಾನ್ಯ ವರ್ಗ, ಪ್ರತಿಯೊಂದರ ಒಳಗೂ. 'ಸರ್ಕಾರ ಕೊಟ್ಟಿತು' ಅಂತಷ್ಟೇ ಬರೆಯಬೇಡಿ, ಅದಕ್ಕಾಗಿ ಹೈಕೋರ್ಟಿಗೆ ಹೋದ, ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿಯುವ 'ಸಂಗಮ' ಸಂಸ್ಥೆಯ ಹೆಸರೂ ಆ ವಾಕ್ಯದಲ್ಲೇ ಇರಲಿ.